ರಿಜಿಸ್ಟರಿಗೆ ಸಿಗದ ಸ್ವಭಾವ

ಸಂಕೇಶ್ವರದ ಸುತ್ತಲಿನ ಹಳ್ಳಿಗಳಿಂದ ಬರುವ ಮನೋರೋಗಿಗಳ ರಿಜಿಸ್ಟರ್ ಬರೆಯುವ ನರ್ಸ್ ನಾನು. ರೋಗದ ಹೆಸರಿಗೆ ಇರುವ ಕಾಲಂ ಎರಡು ಬೆರಳಗಲ. ಅದರಲ್ಲಿ ಹೆಚ್ಚಾಗಿ ಬೀಳುವುದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಕೋಡ್ ಎಫ್10, ಅಂದರೆ ಕುಡಿತ. ಇಲ್ಲವೆ ಎಫ್32, ಖಿನ್ನತೆ. ವ್ಯಕ್ತಿತ್ವ ದೋಷದ ಎಫ್60 ಬರೆಯುವ ಪ್ರಸಂಗ ಅಪರೂಪ.

ಕಬ್ಬಿನ ಹಂಗಾಮಿನಲ್ಲಿ ಒಬ್ಬ ತಾಯಿ ಮಗನನ್ನು ಕರೆತಂದಿದ್ದಳು. ಮುಂಗೈ ಮೇಲೆ ಬ್ಲೇಡಿನ ಹಳೆಯ ಗೀರುಗಳು, ಮೈಯೆಲ್ಲ ಕುಡಿದ ವಾಸನೆ. ಚೀಟಿಯಲ್ಲಿ ಎಫ್10 ಬಂತು. ಗುಳಿಗೆ ಇಸಗೊಳ್ಳುವಾಗ ಆಕೆ ಅಂದಳು: "ಕುಡಿಯೋದು ಈಗ್ರೀ ಸಿಸ್ಟರ್. ಈ ಸಿಟ್ಟು, ಯಾರ ಜೋಡೀನೂ ಹೊಂದದ್ದು, ಹೈಸ್ಕೂಲಿಗೆ ಹೋಗುವಾಗಿಂದ ಐತ್ರೀ."

ಡಾಕ್ಟರ ಕಿವಿಗೆ ಬೀಳಬೇಕಾದ ಮಾತು ಅದು. ವ್ಯಕ್ತಿತ್ವ ದೋಷ ಹರೆಯದಲ್ಲೇ ತಲೆದೋರಿ, ಮನೆ, ಕೆಲಸ, ಗೆಳೆತನ ಎಲ್ಲದರಲ್ಲೂ ವರ್ಷಗಟ್ಟಲೆ ಕಾಣಿಸಿಕೊಳ್ಳುತ್ತದೆ. ಮನೆಯವರ ಮಾತು ಕೇಳದೆ, ಮತ್ತೆ ಮತ್ತೆ ನೋಡದೆ ಗೊತ್ತಾಗುವಂಥದ್ದಲ್ಲ. ಗದ್ದಲದ ಓಪಿಡಿಯಲ್ಲಿ ಅಂದು ಕಣ್ಣಿಗೆ ಕಂಡದ್ದೇ ಕಾಲಮಿಗೆ ಇಳಿಯುತ್ತದೆ. ಇನ್ನು ಕೆಲವರು ಹಣೆಪಟ್ಟಿಯಾದೀತೆಂದು ಬರೆಯಲು ಹಿಂಜರಿಯುತ್ತಾರೆ. ಹಾಗಂತ ಜಗಳಗಂಟರಿಗೆಲ್ಲ ಎಫ್60 ಅಂಟಿಸಿದರೂ ತಪ್ಪೇ.

ಎಲ್ಲರ ವಿವರ ಒಂದೇ ಕಡೆ ಇದ್ದರೆ ಈ ತಪ್ಪು ನೀಗೀತೇ? ಡೆನ್ಮಾರ್ಕಿನಲ್ಲಿ ಮನೋರೋಗದ ಒಳರೋಗಿಗಳ ವಿವರ 1969ರಿಂದ, ಹೊರರೋಗಿಗಳದ್ದು 1995ರಿಂದ ರಾಷ್ಟ್ರೀಯ ಕಂಪ್ಯೂಟರ್ ರಿಜಿಸ್ಟರಿನಲ್ಲಿದೆ. ಪ್ರತಿಯೊಬ್ಬರಿಗೂ ಒಂದೇ ಗುರುತಿನ ಸಂಖ್ಯೆ. ಆಸ್ಪತ್ರೆ ಬದಲಾದರೂ ಕೊಂಡಿ ಕಳಚುವುದಿಲ್ಲ. ಆದರೂ ಅಂಥ ರಿಜಿಸ್ಟರಿಗೆ ಎರಡು ಪ್ರಶ್ನೆ ಕೇಳಲೇಬೇಕು. ಎಫ್60 ಎಂದು ಬರೆಸಿಕೊಂಡವರಲ್ಲಿ ದೋಷ ನಿಜವಾಗಿ ಇರುವವರೆಷ್ಟು? ದೋಷ ಇದ್ದೂ ಬರೆಸಿಕೊಳ್ಳದವರೆಷ್ಟು? ಮೊದಲನೆಯದಕ್ಕೆ ಸಂಶೋಧಕರು ಹಳೆಯ ಕೇಸ್ ಶೀಟ್ ತೆಗೆದು ಓದುತ್ತಾರೆ. ಆದರೆ ಶೀಟ್ ಬರೆದವರೂ ಕೋಡ್ ಹಾಕಿದ ಡಾಕ್ಟರೇ! ಎರಡನೆಯದು ಇನ್ನೂ ಕಷ್ಟ. ರಿಜಿಸ್ಟರಿನಲ್ಲಿ ಹೆಸರಿಲ್ಲದವರನ್ನೂ ಕೂರಿಸಿಕೊಂಡು ಸಾವಕಾಶವಾಗಿ ಸಂದರ್ಶಿಸಬೇಕು.

ನಮ್ಮ ರೋಗಿ ಒಮ್ಮೆ ಬೆಳಗಾವಿ, ಒಮ್ಮೆ ಗಡಿ ದಾಟಿ ಗಡಹಿಂಗ್ಲಜ, ಕೊಲ್ಲಾಪುರ ಅಂತ ಅಲೆಯುತ್ತಾನೆ. ಒಂದು ಕಡೆ ಕನ್ನಡ ಚೀಟಿ, ಇನ್ನೊಂದು ಕಡೆ ಮರಾಠಿ. ಒಂದೊಂದರಲ್ಲೂ ಒಂದೊಂದು ರೋಗ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ, ವ್ಯಕ್ತಿತ್ವ ದೋಷದ ತೊಂದರೆ 2 ವರ್ಷವಾದರೂ ಮುಂದುವರಿದಿದೆಯೇ, ಎಷ್ಟು ತೀವ್ರ ಎಂದು ನೋಡಲು ಹೇಳುತ್ತದೆ. ಚದುರಿದ ಚೀಟಿಗಳಲ್ಲಿ ಆ 2 ವರ್ಷವನ್ನು ಎಲ್ಲಿ ಹುಡುಕುವುದು?

2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 25ನೇ ಕಲಂ ಪ್ರಕಾರ ತನ್ನ ದಾಖಲೆ ಕೇಳಿ ಪಡೆಯುವ ಹಕ್ಕು ರೋಗಿಗಿದೆ. ಕೇಳಿ ಇಸಗೊಳ್ಳಿ. ಎಲ್ಲ ಊರಿನ ಚೀಟಿಗಳನ್ನೂ ಕೂಡಿಸಿ ತನ್ನಿ. ಎಷ್ಟನೇ ವಯಸ್ಸಿನಿಂದ ಹೀಗಿದೆ ಎಂಬುದನ್ನು ಗುಳಿಗೆ ಕೊಡುವ ನನಗಲ್ಲ, ಒಳಗೆ ಕೂತ ಡಾಕ್ಟರಿಗೆ ಹೇಳಿ.