ನಾಯಿಯ ಹರಿದ ಅಂಗಾಲು ಮತ್ತು ನಮ್ಮ ತಹಾರತ್



ಕಳೆದ ಬೇಸಿಗೆಯ ಮಾತು. ಸಾಸ್ವೆಹಳ್ಳಿಯ ಸುತ್ತ ಭತ್ತದ ಕೊಯ್ಲು ಮುಗಿದಿತ್ತು. ಬಯಲುಸೀಮೆಯ ಕಡೆಯಿಂದ ಕುರಿಗಾಹಿಗಳು ಬಂದು ಕೊಯ್ದ ಗದ್ದೆಗಳಲ್ಲಿ ಮಂದೆ ನಿಲ್ಲಿಸಿದ್ದರು. ಒಂದು ಸಂಜೆ ಅಸರ್ ನಮಾಜ್ ಆದ ಮೇಲೆ ಮಕ್ತಬ್‌ಗೆ ಒಬ್ಬ ಹುಡುಗ ತಡವಾಗಿ ಬಂದ. ಹನ್ನೊಂದು ವರ್ಷದವನು. ಪೈಜಾಮದ ಮೇಲೆ ರಕ್ತದ ಕಲೆಗಳು. ಏನದು ಎಂದು ಕೇಳಿದೆವು. "ನಾಯಿದು ಹಜ್ರತ್" ಎಂದ.

ನಾವು ಮುಂದಿನ ಮಾತು ಕೇಳಲಿಲ್ಲ. ನಾಪಾಕ್ ಬಟ್ಟೆಯಲ್ಲಿ ಮಸೀದಿಗೆ ಕಾಲಿಡಬಾರದೆಂದು ಎಷ್ಟು ಸಲ ಹೇಳಿಕೊಡಬೇಕು ಎಂದು ಎಲ್ಲ ಮಕ್ಕಳೆದುರು ಗದರಿಸಿ ಹೊರಗೆ ಕಳಿಸಿದೆವು. ಪಾಠ ಮುಗಿಸಿ ಹೊರಬಂದಾಗ ಹುಡುಗ ಗೇಟಿನ ಹತ್ತಿರವೇ ನಿಂತಿದ್ದ. ಮನೆಗೆ ಹೋಗಿ ಬಟ್ಟೆ ಬದಲಿಸಿ ಬಂದಿದ್ದ. "ಹಜ್ರತ್, ಕುರಿಯೋರ ನಾಯಿ ಕಾಲು ಹರಿದುಹೋಗಿದೆ. ರಕ್ತ ನಿಲ್ತಾ ಇಲ್ಲ. ಮುಟ್ಟಿದ್ದು ಗುನಾಹ್ ಆಯ್ತಾ?"

ಆ ಪ್ರಶ್ನೆಗೆ ಗೇಟಿನ ಬಳಿ ನಿಂತು ಉತ್ತರ ಹೇಳುವುದು ನಮ್ಮಿಂದಾಗಲಿಲ್ಲ. ಅವನ ಜೊತೆ ನಾಲೆಯ ಏರಿಯ ಮೇಲೆ ನಡೆದೆವು. ಮುಂದಿನ ಜುಮಾ ದಿನ ಖುತ್ಬಾಕ್ಕೆ ಮುಂಚಿನ ಬಯಾನ್‌ನಲ್ಲಿ ಇದನ್ನೇ ಹೇಳಿದೆವು. ಮನೆಮಂದಿಯೆಲ್ಲ ಓದಲಿ ಎಂದು ಈಗ ವಿವರವಾಗಿ ಬರೆಯುತ್ತಿದ್ದೇವೆ.

ಶರೀಅತ್ ಏನು ಹೇಳುತ್ತದೆ?

ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ಬಂದಿದೆ. ದಾರಿಹೋಕನೊಬ್ಬ ಬಾವಿಗೆ ಇಳಿದು, ತನ್ನ ಚರ್ಮದ ಕಾಲುಚೀಲದಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ಹತ್ತಿ, ನಾಯಿಗೆ ಕುಡಿಸಿದ. ಅಲ್ಲಾಹನು ಅವನನ್ನು ಕ್ಷಮಿಸಿದ. ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲ ಇದೆಯೇ ಎಂದು ಸಹಾಬಿಗಳು ಕೇಳಿದಾಗ, ಜೀವವಿರುವ ಪ್ರತಿಯೊಂದರ ಸೇವೆಯಲ್ಲೂ ಪ್ರತಿಫಲವಿದೆ ಎಂಬ ಅರ್ಥದಲ್ಲಿ ಪ್ರವಾದಿವರ್ಯರು (ಸ) ಉತ್ತರಿಸಿದರು. ಆ ಮನುಷ್ಯ ಯಾವ ಚೀಲದಲ್ಲಿ ನೀರು ಕೊಟ್ಟ ಎಂಬುದನ್ನು ಗಮನಿಸಿ. ತಾನು ಮತ್ತೆ ಕಾಲಿಗೆ ಹಾಕಿಕೊಳ್ಳಬೇಕಾದ ಚೀಲ ಅದು.

ಕುರ್‌ಆನ್‌ನ ಅಲ್ ಮಾಇದಾ ಅಧ್ಯಾಯದ 4ನೇ ಆಯತ್‌ನಲ್ಲಿ ತರಬೇತಿ ಕೊಟ್ಟ ಬೇಟೆಪ್ರಾಣಿಗಳು ಹಿಡಿದು ತಂದದ್ದನ್ನು ತಿನ್ನಲು ಅನುಮತಿಯಿದೆ. ಅಲ್ ಕಹ್ಫ್ ಅಧ್ಯಾಯದಲ್ಲಿ ಗುಹೆಯ ಯುವಕರ ಜೊತೆ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯ ಪ್ರಸ್ತಾಪವಿದೆ. ಕಾರಣವಿಲ್ಲದೆ ನಾಯಿ ಸಾಕಿದರೆ ಪುಣ್ಯ ಕಡಿಮೆಯಾಗುತ್ತದೆ ಎಂಬ ಹದೀಸ್ ಉಂಟು, ನಿಜ. ಆದರೆ ಬೇಟೆಗೆ, ಹೊಲಕ್ಕೆ, ಕುರಿಮಂದೆಗೆ ಸಾಕಿದ ನಾಯಿಗೆ ಅದೇ ಹದೀಸ್ ವಿನಾಯಿತಿ ಕೊಟ್ಟಿದೆ. ನಾವು ಅಂದು ನೋಡಿದ್ದು ಅಂಥ ಮಂದೆಯ ನಾಯಿಯನ್ನೇ.

ಇನ್ನು ತಹಾರತ್. ನಮ್ಮ ಕಡೆ ಹೆಚ್ಚಿನವರು ಹನಫಿಗಳು. ಹನಫಿ ಮಝ್‌ಹಬ್‌ನಲ್ಲಿ ನಾಯಿಯ ಜೊಲ್ಲು ನಾಪಾಕ್. ಒಣಗಿದ ಮೈ ತಾಗಿದ ಮಾತ್ರಕ್ಕೆ ಬಟ್ಟೆಯಾಗಲಿ ಕೈಯಾಗಲಿ ನಾಪಾಕ್ ಆಗುವುದಿಲ್ಲ. ಕರಾವಳಿಯ ಸಹೋದರರು ಹೆಚ್ಚಾಗಿ ಶಾಫಿಈಗಳು. ಅವರ ಪ್ರಕಾರ ನಾಯಿಯ ಮೈ ಹಸಿಯಾಗಿ ತಾಗಿದರೂ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ. ಹರಿದ ರಕ್ತ ಯಾವ ಪ್ರಾಣಿಯದಾದರೂ ತೊಳೆಯಲೇಬೇಕು. ಆದರೆ ನಾಯಿಯನ್ನು ಮುಟ್ಟಿದ್ದರಿಂದ ವುಝೂ ಮುರಿಯುವುದಿಲ್ಲ. ತಾಗಿದ ಜಾಗ ತೊಳೆದು, ಬಟ್ಟೆ ಬದಲಿಸಿದರೆ ನಮಾಜ್‌ಗೆ ನಿಲ್ಲಬಹುದು.

ಅಂದರೆ ಈ ನಿಯಮಗಳೆಲ್ಲ ಮುಟ್ಟಿದ ಮೇಲೆ ಹೇಗೆ ತೊಳೆದುಕೊಳ್ಳಬೇಕು ಎಂಬುದನ್ನು ಹೇಳುತ್ತವೆ. ನರಳುವ ಜೀವವನ್ನು ಬಿಟ್ಟು ನಡೆಯಿರಿ ಎಂದು ಅವುಗಳಲ್ಲಿ ಎಲ್ಲಿಯೂ ಹೇಳಿಲ್ಲ. ಬಟ್ಟೆಯ ವಿಷಯದಲ್ಲಿ ನಾವು ಹುಡುಗನಿಗೆ ಹೇಳಿದ್ದು ಸರಿ. ಹುಡುಗನ ವಿಷಯದಲ್ಲಿ ನಾವು ತಪ್ಪಿದೆವು.

ಮೊದಲು ನಿಮ್ಮ ರಕ್ಷಣೆ

ಸಾಧು ನಾಯಿಯೂ ನೋವಿನಲ್ಲಿ ಕಚ್ಚುತ್ತದೆ. ಆದ್ದರಿಂದ ಮಕ್ಕಳು ಒಬ್ಬರೇ ಹೋಗಿ ಗಾಯಗೊಂಡ ನಾಯಿಯನ್ನು ಮುಟ್ಟಬಾರದು. ಹಿರಿಯರನ್ನು ಕರೆಯಬೇಕು. ಜೊಲ್ಲು ಸುರಿಸುತ್ತ, ತೂರಾಡುತ್ತ, ಕಾರಣವಿಲ್ಲದೆ ಮೈಮೇಲೆ ಬರುವ ನಾಯಿಯ ಹತ್ತಿರ ಯಾರೂ ಹೋಗಬಾರದು. ಅದು ಹುಚ್ಚುನಾಯಿ ರೋಗದ ಲಕ್ಷಣ ಇರಬಹುದು.

ಸಾಕಿದವರೇ ತಲೆ ಹಿಡಿದುಕೊಳ್ಳಲಿ. ಒಂದು ಉದ್ದನೆಯ ಬಟ್ಟೆ ಪಟ್ಟಿಯನ್ನು ಮೂತಿಗೆ ಸುತ್ತಿ, ಗಲ್ಲದ ಕೆಳಗೆ ದಾಟಿಸಿ, ಕಿವಿಯ ಹಿಂದೆ ಕಟ್ಟಿದರೆ ಸಾಕು. ಮೂಗಿನ ಹೊಳ್ಳೆ ಮುಚ್ಚಬಾರದು. ನಾಯಿ ಬಾಯಿ ತೆರೆದು ತೇಗುತ್ತಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಮೂತಿ ಕಟ್ಟಬೇಡಿ. ಕಟ್ಟಿದ್ದನ್ನು ಕೆಲಸ ಮುಗಿದ ಕೂಡಲೇ ಬಿಚ್ಚಿ. ಕೈಗೆ ಗವಸು ಇಲ್ಲದಿದ್ದರೆ ಎರಡು ಶುಭ್ರವಾದ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ.

ನಾಯಿ ಕಚ್ಚಿದರೆ, ಪರಚಿದರೆ ಅಥವಾ ನಿಮ್ಮ ಮೈಯ ಗಾಯವನ್ನು ನೆಕ್ಕಿದರೆ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ಎಣ್ಣೆ ಏನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದನ್ನೂ ಪೂರ್ತಿ ಹಾಕಿಸಿಕೊಳ್ಳಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಮೊದಲೇ ಲಸಿಕೆ ಹಾಕಿಸಿದರೆ ತಡೆಯಬಹುದು. ನಾಟಿ ಮದ್ದು, ಮಂತ್ರಿಸಿದ ನೀರು ಎಂದು ಲಸಿಕೆ ಬಿಟ್ಟು ಕೂರುವುದು ತವಕ್ಕುಲ್ ಅಲ್ಲ.

ಗಾಯ ತೊಳೆಯುವುದು, ಕಟ್ಟುವುದು

ನಾಯಿಯ ಪ್ರತಿ ಪಾದದಲ್ಲಿ ಬೆರಳಿಗೊಂದರಂತೆ ನಾಲ್ಕು ಸಣ್ಣ ಮೆತ್ತೆಗಳು, ನಡುವೆ ಒಂದು ದೊಡ್ಡ ಮೆತ್ತೆ ಇರುತ್ತವೆ. ಮೇಲೆ ದಪ್ಪ ಚರ್ಮ, ಒಳಗೆ ಕೊಬ್ಬು. ರಕ್ತನಾಳಗಳು ಅಲ್ಲಿ ಹೆಚ್ಚು, ಹಾಗಾಗಿ ಸಣ್ಣ ಗಾಯಕ್ಕೂ ತುಂಬ ರಕ್ತ ಹೋಗುತ್ತದೆ. ಪ್ರತಿ ಹೆಜ್ಜೆಗೂ ಮೈಭಾರ ಬಿದ್ದು ಮೆತ್ತೆ ಅಗಲವಾಗುವುದರಿಂದ ಗಾಯ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಹಾಕಿದರೂ ಕಿತ್ತುಬರುವುದುಂಟು.

ಆ ನಾಯಿಯ ಮುಂಗಾಲಿನ ದೊಡ್ಡ ಮೆತ್ತೆ ಅರ್ಧ ಸೀಳಿ ಚರ್ಮ ನೇತಾಡುತ್ತಿತ್ತು. ಏರಿಯ ಮೇಲೆ ಯಾರೋ ಕುಡಿದು ಒಡೆದ ಬಾಟಲಿಯ ಚೂರು ತುಳಿದಿತ್ತು. ಹುಡುಗ ತನ್ನ ಕರ್ಚೀಫ್ ಒತ್ತಿ ಹಿಡಿದಿದ್ದನಂತೆ. ಅವನು ಹೋದ ಮೇಲೆ ಕುರಿಗಾಹಿ ಯಜಮಾನರು ಸುಣ್ಣ ಮೆತ್ತಿದ್ದರು. ಅವರಿಗೆ ತಿಳಿದಿದ್ದ ಮದ್ದು ಅದೊಂದೇ.

ಮಾಡಬೇಕಾದ ಕ್ರಮ ಹೀಗಿದೆ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಐದರಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ ರಕ್ತ ಮತ್ತೆ ಕಿತ್ತುಬರುತ್ತದೆ. ರಕ್ತ ನಿಂತ ಮೇಲೆ, ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ, ಆ ನೀರನ್ನು ಗಾಯದ ಮೇಲೆ ಮೆಲ್ಲಗೆ ಸುರಿಯುತ್ತ ಮಣ್ಣು, ಮರಳು ಹೋಗುವವರೆಗೆ ತೊಳೆಯಿರಿ. ಮೇಲೆ ಕಾಣುವ ಮುಳ್ಳು, ಸಣ್ಣ ಚೂರನ್ನು ಚಿಮುಟದಿಂದ ತೆಗೆಯಬಹುದು. ಆಳವಾಗಿ ನಾಟಿದ್ದನ್ನು ಕೀಳಬೇಡಿ. ಪೊವಿಡೋನ್ ಅಯೋಡಿನ್ ದ್ರಾವಣ ಸಿಕ್ಕಿದರೆ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ.

ಕಟ್ಟುವಾಗ ಗಾಯದ ಮೇಲೆ ಅಂಟಿಕೊಳ್ಳದ ಡ್ರೆಸಿಂಗ್ ಪಟ್ಟಿ ಇಟ್ಟು, ಬೆರಳುಗಳ ಸಂದಿಗೆ ಸ್ವಲ್ಪ ಹತ್ತಿ ಇಡಿ. ಅದರ ಮೇಲೆ ಪಾದದಿಂದ ಮೇಲಕ್ಕೆ ಬ್ಯಾಂಡೇಜ್ ಸುತ್ತಿ. ನಡುವಿನ ಎರಡು ಬೆರಳುಗಳ ಉಗುರು ಹೊರಗೆ ಕಾಣುತ್ತಿರಲಿ. ಬೆರಳು ಊದಿಕೊಂಡರೆ, ತಣ್ಣಗಾದರೆ ಕಟ್ಟು ಬಿಗಿಯಾಗಿದೆ ಎಂದರ್ಥ, ಕೂಡಲೇ ಬಿಚ್ಚಿ. ಹೊರಗೆ ಹೋಗುವಾಗ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಬಂದ ಮೇಲೆ ತೆಗೆಯಿರಿ. ಇಲ್ಲದಿದ್ದರೆ ಒಳಗೆ ಬೆವೆತು ಕೊಳೆಯುತ್ತದೆ. ನಾಯಿ ಅಂಗಾಲಿನಲ್ಲೂ ಬೆವರುತ್ತದೆ. ಮೊದಲ ದಿನಗಳಲ್ಲಿ ಪ್ರತಿದಿನ ಕಟ್ಟು ಬದಲಿಸಿ. ಒದ್ದೆಯಾದರೆ, ವಾಸನೆ ಬಂದರೆ ಆಗಲೇ ಬದಲಿಸಿ.

ಮಾಡಬಾರದ್ದು

ಸುಣ್ಣ, ಸೀಮೆಎಣ್ಣೆ, ಫಿನಾಯಿಲ್, ಹಳೆಯ ಇಂಜಿನ್ ಆಯಿಲ್, ಕಾಫಿ ಪುಡಿ ಇವ್ಯಾವುದೂ ಗಾಯದ ಮದ್ದಲ್ಲ. ಚರ್ಮ ಸುಡುತ್ತವೆ, ಇಲ್ಲವೇ ಕೊಳೆ ಒಳಗೆ ಸೇರಿಸುತ್ತವೆ. ನಾಯಿ ಅದನ್ನು ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ನಮ್ಮ ಮನೆಯ ನೋವಿನ ಮಾತ್ರೆಗಳನ್ನು ಕೊಡಲೇಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆ, ಯಕೃತ್ತು, ಮೂತ್ರಪಿಂಡ ಕೆಡಿಸಬಲ್ಲವು. ನೇತಾಡುವ ಚರ್ಮವನ್ನು ಮನೆಯ ಕತ್ತರಿಯಿಂದ ಕತ್ತರಿಸಬೇಡಿ.

ವೈದ್ಯರ ಬಳಿ ಯಾವಾಗ?

15 ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಗಾಯ ಆಳವಿದ್ದರೆ, ಚರ್ಮ ನೇತಾಡುತ್ತಿದ್ದರೆ, ಕೀವು ಅಥವಾ ಹುಳ ಬಿದ್ದಿದ್ದರೆ, ನಾಯಿ ಮೇವು ಬಿಟ್ಟಿದ್ದರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಅದು ದನ ಎಮ್ಮೆಗೆ ಮಾತ್ರ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ, ಅಲ್ಲಿ ನಾಯಿಯನ್ನೂ ನೋಡುತ್ತಾರೆ. ದೊಡ್ಡ ಚಿಕಿತ್ಸೆ ಬೇಕಾದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಪಶುಗಳ ಸಹಾಯವಾಣಿ ಸಂಖ್ಯೆ 1962 ಮನೆಯಲ್ಲಿ ಬರೆದಿಟ್ಟುಕೊಳ್ಳಿ.

ಆ ಸಂಜೆ ನಾವು ಉಪ್ಪುನೀರಿನಿಂದ ಸುಣ್ಣ ತೊಳೆದು ಕಟ್ಟು ಕಟ್ಟಿದ್ದಷ್ಟೇ. ಮರುದಿನ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಸತ್ತ ಚರ್ಮ ತೆಗೆದು, ಇಂಜೆಕ್ಷನ್ ಕೊಟ್ಟು, ಕಟ್ಟು ಬದಲಿಸುವುದನ್ನು ತೋರಿಸಿಕೊಟ್ಟರು. ಮೇಲ್ಪದರ ಮಾತ್ರ ಕಿತ್ತಿದ್ದರೆ ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ, ಇದು ಆಳವಿದೆ, ಮೂರು ವಾರಕ್ಕೂ ಹೆಚ್ಚು ಬೇಕು, ನಡೆಸಬೇಡಿ ಎಂದರು.

ಕಷ್ಟ ಇದ್ದದ್ದು ಅಲ್ಲೇ. "ನಡೆಸ್ಬ್ಯಾಡ ಅಂದ್ರೆ ಹೆಂಗ್ರೀ ಸಾಬ್ರೇ? ಈ ಗದ್ದೆ ಮುಗೀತು ಅಂದ್ರೆ ಮುಂದಿನ ಊರಿಗೆ ಹೋಗ್ಲೇಬೇಕು. ಇದಿಲ್ದೆ ರಾತ್ರಿ ಮಂದೆ ಕಾಯೋರು ಯಾರು?" ಎಂದು ಯಜಮಾನರು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಗದ್ದೆಯವರು ಇನ್ನೂ ಕೆಲವು ದಿನ ಮಂದೆ ಇರಲಿ ಎಂದು ಒಪ್ಪಿದರು. ಎಂಟು ದಿನ ಹುಡುಗ ತನ್ನ ತಂದೆಯ ಜೊತೆ ಹೋಗಿ ಕಟ್ಟು ಬದಲಿಸಿದ. ಮೊದಲ ದಿನ ಬೇಡ ಎಂದಿದ್ದ ತಂದೆಯೇ ಆಮೇಲೆ ತಲೆ ಹಿಡಿದುಕೊಳ್ಳುತ್ತಿದ್ದರು. ಪ್ರತಿ ಸಂಜೆ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ವುಝೂ ಮಾಡಿ ಮಗ್ರಿಬ್‌ಗೆ ಬರುತ್ತಿದ್ದರು.

ಒಂಬತ್ತನೆಯ ದಿನ ಮಂದೆ ಹೊರಟಿತು. ಗಾಯ ಪೂರ್ತಿ ಮಾಗಿರಲಿಲ್ಲ, ತಿಳಿಗೆಂಪು ಎಳೆ ಚರ್ಮ ಬಂದಿತ್ತು. ಮರಿಗಳನ್ನು ಸಾಗಿಸುವ ಗಾಡಿಯಲ್ಲಿ ನಾಯಿಯನ್ನೂ ಕೂರಿಸಿದರು. ಬ್ಯಾಂಡೇಜ್ ಸುರುಳಿಗಳನ್ನು ಕೊಟ್ಟು ಕಳಿಸಿದೆವು. ಮುಂದೆ ಏನಾಯಿತೋ ಸುದ್ದಿ ಬಂದಿಲ್ಲ.

ನಮ್ಮ ಬೀದಿಯಲ್ಲಿ ಮಾಡಬಹುದಾದದ್ದು

ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು ಈಮಾನ್‌ನ ಒಂದು ಶಾಖೆ ಎಂದು ಪ್ರವಾದಿವರ್ಯರು (ಸ) ಕಲಿಸಿದ್ದಾರೆ. ಆ ಜುಮಾ ಆದ ಮೇಲೆ ನಮ್ಮ ಯುವಕರು ಏರಿಯ ಮೇಲಿನ ಬಾಟಲಿ ಚೂರುಗಳನ್ನು ಆರಿಸಿ ಗೋಣಿಚೀಲಕ್ಕೆ ತುಂಬಿದರು. ಅಲ್ಲಿ ನಮ್ಮ ಮಕ್ಕಳೂ ಬರಿಗಾಲಲ್ಲಿ ಓಡುತ್ತಾರೆ. ಬೇಸಿಗೆಯ ಮಧ್ಯಾಹ್ನ ನಾಯಿಯನ್ನು ಟಾರು ರಸ್ತೆಯಲ್ಲಿ ನಡೆಸುವ ಮುನ್ನ ಮುಂಗೈಯನ್ನು ಐದಾರು ಸೆಕೆಂಡ್ ರಸ್ತೆಗೆ ಒತ್ತಿ ನೋಡಿ. ನಿಮ್ಮ ಕೈ ತಾಳದಿದ್ದರೆ ಅದರ ಕಾಲೂ ತಾಳುವುದಿಲ್ಲ.

ಆ ಹುಡುಗನನ್ನು ನಾವು ಎಲ್ಲ ಮಕ್ಕಳೆದುರು ಗದರಿಸಿದ್ದೆವು. ಆದ್ದರಿಂದ ಮಾಫಿಯನ್ನೂ ಎಲ್ಲ ಮಕ್ಕಳೆದುರೇ ಕೇಳಿದೆವು. ಅವನು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಕೇಳಿದ: "ಹಾಗಾದ್ರೆ ಗುನಾಹ್ ಅಲ್ವಾ ಹಜ್ರತ್?" ಅಲ್ಲ ಮಗು, ಇನ್ಶಾ ಅಲ್ಲಾಹ್ ಅದು ಸವಾಬ್ ಎಂದೆವು.

ತನ್ನ ಸೃಷ್ಟಿಯ ಮೇಲೆ ಕರುಣೆ ತೋರುವ ಹೃದಯವನ್ನೂ, ಶುಚಿಯಾಗಿ ತನ್ನ ಮುಂದೆ ನಿಲ್ಲುವ ಎಚ್ಚರವನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.