ಉದ್ದ ಕಿವಿಯ ಹಸಿರು ಮುದುಕ ಯಾರು?

ಸೊಲ್ಲಾಪುರ–ಅಕ್ಕಲಕೋಟ ರಸ್ತೆಯ ಮೇಲಿರುವ ನಮ್ಮ ವಳಸಂಗದ ಅನೇಕ ಮನೆಗಳಲ್ಲಿ ಮನೆಮಾತು ಕನ್ನಡ, ಪೇಟೆಯ ಮಾತು ಮರಾಠಿ, ಮಕ್ಕಳ ಮೊಬೈಲಿನ ಮಾತು ಹಿಂದಿ ಮತ್ತು ಇಂಗ್ಲಿಷ್. ಹೀಗಾಗಿ ಒಂದೇ ಸೂರಿನ ಕೆಳಗಿನ ಮೂರು ತಲೆಮಾರಿಗೆ ಮೂರು ಬೇರೆ ಲೋಕಗಳ ಪರಿಚಯ. ಮೊಮ್ಮಗನ ಪಾಟಿಚೀಲದ ಮೇಲೆ ಉದ್ದ ಕಿವಿ, ಹಸಿರು ಮೈ, ಸುಕ್ಕು ಮುಖದ ಕುಳ್ಳ ಮುದುಕನ ಚಿತ್ರವಿದ್ದರೆ ಆಯಿ “ಇದ್ಯಾವ ಗುಮ್ಮ?” ಎಂದು ಕೇಳಿಯಾರು. ಮೊಮ್ಮಗ ತಟ್ಟನೆ “ಯೋಡಾ” ಎಂದಾನು. ಗಲ್ಲಾದ ಮುಂದೆ ಕುಳಿತ ಕಾಕಾ ಆ ಸಿನಿಮಾ ನೋಡಿರಲಿಕ್ಕಿಲ್ಲ. ಆದರೂ “ಉದ್ದ ಕಿವಿಯದು” ಎಂದು ಗಿರಾಕಿ ಕೇಳಿದರೆ ಯಾವ ಚೀಲ ತೆಗೆದುಕೊಡಬೇಕೆಂದು ಅವರಿಗೆ ಗೊತ್ತು.

ಸಿನಿಮಾದ ಹುಚ್ಚಿಲ್ಲದವರಿಗೆ ಅದರ ಅನ್ಯಲೋಕದ ಜೀವಿಗಳ ಗುರುತು ಎಷ್ಟರಮಟ್ಟಿಗೆ ಸಿಗುತ್ತದೆ? ಇದು ಮಕ್ಕಳಾಟದ ಪ್ರಶ್ನೆಯಂತೆ ಕಂಡರೂ ವ್ಯಾಪಾರಿಗಳೂ ಗೃಹಸ್ಥರೂ ಯೋಚಿಸಬೇಕಾದ ಸಂಗತಿ ಇದರಲ್ಲಿದೆ.

ಅಮೆರಿಕದ ಜಾರ್ಜ್ ಲ್ಯೂಕಸ್ ಅವರ ‘ಸ್ಟಾರ್ ವಾರ್ಸ್’ 1977ರಲ್ಲಿ ತೆರೆಗೆ ಬಂತು. ಅದರಲ್ಲಿ ಮೈತುಂಬ ಕೂದಲಿರುವ ಎತ್ತರದ ಚ್ಯೂಬಾಕಾ ಇದ್ದಾನೆ. 1980ರ ಎರಡನೆಯ ಚಿತ್ರದಲ್ಲಿ ಯೋಡಾ ಬಂದ. ಇವರಿಬ್ಬರನ್ನು ಚಿತ್ರ ನೋಡದವರೂ ಗುರುತಿಸಬಲ್ಲರು. ಕಾರಣ ಸರಳ. ಒಬ್ಬೊಬ್ಬರಿಗೂ ದೂರದಿಂದಲೇ ಕಾಣುವ ಒಂದೊಂದು ಗುರುತಿದೆ: ಒಬ್ಬನಿಗೆ ಕೂದಲು, ಇನ್ನೊಬ್ಬನಿಗೆ ಕಿವಿ. ಜೊತೆಗೆ ಅವರ ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ, ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ.

ಅದೇ ಮೊದಲ ಚಿತ್ರದ ಒಂದು ಪಾನಗೃಹದ ದೃಶ್ಯದಲ್ಲಿ ಹತ್ತಾರು ವಿಚಿತ್ರ ಜೀವಿಗಳು ಕುಳಿತಿವೆ. ಅಭಿಮಾನಿಗಳಿಗೆ ಅವುಗಳ ಊರು, ಕುಲ ಎಲ್ಲ ಬಾಯಿಪಾಠ. ಉಳಿದವರಿಗೆ ಅದು ಬರೀ ಸಂತೆ. ಆಟಿಕೆ ತಯಾರಿಸಿದ ಕೆನ್ನರ್ ಕಂಪನಿಯೂ ಮೊದಲು ರೂಪ ನೋಡಿಯೇ ‘ಹ್ಯಾಮರ್‌ಹೆಡ್’, ‘ವಾಲ್ರಸ್ ಮ್ಯಾನ್’ ಎಂದು ಹೆಸರಿಟ್ಟು ಮಾರಿತು. ‘ಸ್ನಾಗಲ್‌ಟೂತ್’ ಎಂಬ ಜೀವಿಯ ಅರ್ಧ ದೇಹದ ಫೋಟೋ ಮಾತ್ರ ಕಂಪನಿಯ ಕೈಯಲ್ಲಿತ್ತು. ಚಿತ್ರದಲ್ಲಿ ಕುಳ್ಳಗಿದ್ದ ಜೀವಿ ಗೊಂಬೆಯಾಗಿ ಎತ್ತರವಾಗಿಬಿಟ್ಟಿತು! ತಯಾರಕರಿಗೇ ಮಾಲಿನ ಗುರುತು ಸರಿಯಾಗಿ ಸಿಕ್ಕಿರಲಿಲ್ಲವೆಂದಾಯಿತು.

ಇದೇ ಕಂಪನಿಯ ಇನ್ನೊಂದು ಸಂಗತಿಯನ್ನು ನಮ್ಮ ವ್ಯಾಪಾರಿ ಬಂಧುಗಳು ಕೇಳಲೇಬೇಕು. 1977ರ ಕ್ರಿಸ್‌ಮಸ್ ಹೊತ್ತಿಗೆ ಬೇಡಿಕೆ ಬೆಟ್ಟದಷ್ಟು, ಮಾಲು ಮಾತ್ರ ಸಿದ್ಧವಿಲ್ಲ. ಕಂಪನಿ ಗೊಂಬೆಯಿಲ್ಲದ ರಟ್ಟಿನ ಪೊಟ್ಟಣವನ್ನೇ ಮಾರಿತು. ಒಳಗೆ ಒಂದು ಚೀಟಿ. ಅದನ್ನು ಅಂಚೆಗೆ ಹಾಕಿದವರಿಗೆ 1978ರಲ್ಲಿ ನಾಲ್ಕು ಗೊಂಬೆಗಳು ಬಂದವು. ಆ ನಾಲ್ಕರಲ್ಲಿ ಅನ್ಯಲೋಕದ ಜೀವಿ ಒಂದೇ, ಚ್ಯೂಬಾಕಾ. ಮಾಲು ನೋಡುವ ಮೊದಲೇ ಜನ ಹಣ ಕೊಟ್ಟದ್ದು ಗುರುತಿನ ಬಲದಿಂದ. ಲ್ಯೂಕಸ್ ಅವರ ಸಂಸ್ಥೆಯನ್ನು 2012ರಲ್ಲಿ ಡಿಸ್ನಿ 400 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡಿತು. ಆ ಬೆಲೆಯಲ್ಲಿ ಗುರುತಿನ ಪಾಲು ಸಣ್ಣದಲ್ಲ.

ಆದರೆ ಅರ್ಧ ಗುರುತಿನಿಂದ ಮೋಸವೂ ಆಗುತ್ತದೆ. 2019ರಲ್ಲಿ ಶುರುವಾದ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯಲ್ಲಿ ಹಸಿರು ಮೈಯ, ಉದ್ದ ಕಿವಿಯ ಕೂಸೊಂದು ಬಂತು. ಲೋಕವೆಲ್ಲ ಅದನ್ನು ‘ಬೇಬಿ ಯೋಡಾ’ ಎಂದು ಕರೆಯಿತು. ಆದರೆ ಅದು ಯೋಡಾನೂ ಅಲ್ಲ, ಅವನ ಬಾಲ್ಯವೂ ಅಲ್ಲ. ಅದರ ಹೆಸರು ಗ್ರೋಗು ಎಂದು 2020ರಲ್ಲಿ ತಿಳಿದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ನಮ್ಮ ದೇಶದಲ್ಲಿ ‘ಕೋಯಿ ಮಿಲ್ ಗಯಾ’ (2003) ಚಿತ್ರದ ಜಾದೂಗೆ ಈ ತೊಂದರೆಯಿಲ್ಲ. ಚಿತ್ರಕ್ಕೆಲ್ಲ ಕಣ್ಣಿಗೆ ಕಟ್ಟುವ ಜೀವಿ ಅವನೊಬ್ಬನೇ, ನಾಲಿಗೆಗೆ ಸುಲಭವಾದ ಒಂದೇ ಹೆಸರು, ಬಿಸಿಲಿನಿಂದ ಶಕ್ತಿ ಪಡೆಯುವ ಒಂದೇ ಗುಣ. ಸಿನಿಮಾ ನೋಡದ ಅಜ್ಜಿಯರಿಗೂ ಅವನ ಹೆಸರು ಪರಿಚಿತ.

ಇಂಥ ಗುರುತಿನ ಪಾಠ ನಮಗೆ ಹೊಸದೇನಲ್ಲ. ಹೊರಗಿನವರು ಬಸದಿಗೆ ಬಂದರೆ ಎಲ್ಲ ಜಿನಬಿಂಬಗಳೂ ಒಂದೇ ಎನ್ನುತ್ತಾರೆ. ಕೆಲವರು ಬುದ್ಧನೆಂದೂ ತಿಳಿಯುತ್ತಾರೆ. ಮೈಗೆ ಬಳ್ಳಿ ಹಬ್ಬಿದ ಬಾಹುಬಲಿ, ಹೆಡೆಯ ಪಾರ್ಶ್ವನಾಥ, ಇಷ್ಟಕ್ಕೇ ಅವರ ಪರಿಚಯ ಮುಗಿಯುತ್ತದೆ. ನಾವಾದರೋ ಪೀಠದ ಲಾಂಛನ ನೋಡಿ ಹೇಳುತ್ತೇವೆ: ವೃಷಭವಾದರೆ ಆದಿನಾಥ, ಮಕರವಾದರೆ ಪುಷ್ಪದಂತ, ಖಡ್ಗಮೃಗವಾದರೆ ಶ್ರೇಯಾಂಸನಾಥ, ಜಿಂಕೆಯಾದರೆ ಶಾಂತಿನಾಥ. ಇದನ್ನು ಯಾರೂ ಪರೀಕ್ಷೆಗೆಂದು ಕಲಿತದ್ದಲ್ಲ. ಬೆರಳು ಹಿಡಿದು ಕರೆದೊಯ್ದ ಹಿರಿಯರು ಪ್ರತಿ ಸಲ ತೋರಿಸಿ ಹೆಸರು ಹೇಳಿದ್ದರಿಂದ ಬಂದದ್ದು. ಇಂದಿನ ನಮ್ಮ ಮಕ್ಕಳಲ್ಲಿ ಇಪ್ಪತ್ತನಾಲ್ಕನ್ನೂ ಹೇಳಬಲ್ಲವರು ಎಷ್ಟು ಮಂದಿ? ತಾಯಂದಿರೇ ಲೆಕ್ಕ ಹಾಕಲಿ.

ಹೆಸರು ಹೇಳುವವರು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ಅಧ್ಯಯನ ಕನ್ನಡಿ ಹಿಡಿದಿದೆ. ಆಂಡ್ರ್ಯೂ ಬಾಮ್‌ಫರ್ಡ್ ಮತ್ತು ಸಂಗಡಿಗರು ಬ್ರಿಟನ್ನಿನ 4ರಿಂದ 11 ವಯಸ್ಸಿನ 109 ಶಾಲಾಮಕ್ಕಳಿಗೆ ಚಿತ್ರದ ಚೀಟಿಗಳನ್ನು ತೋರಿಸಿದರು. ಕೆಲವು ಆ ನಾಡಿನ ನಿಜವಾದ ಪ್ರಾಣಿ, ಗಿಡಗಳು. ಉಳಿದವು ಜಪಾನಿನ ‘ಪೋಕೆಮಾನ್’ ಆಟದ ಕಲ್ಪಿತ ಜೀವಿಗಳು. 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವರದಿಯಂತೆ ಎಂಟು ವರ್ಷದ ಮಕ್ಕಳು ಪೋಕೆಮಾನ್‌ಗಳಲ್ಲಿ ನೂರಕ್ಕೆ ಎಂಬತ್ತರ ಸಮೀಪ ಗುರುತಿಸಿದರು. ನಿಜವಾದ ಜೀವಿಗಳಲ್ಲಿ ಸುಮಾರು ಅರ್ಧವನ್ನು ಮಾತ್ರ. ಮಕ್ಕಳ ಬುದ್ಧಿಯಲ್ಲಿ ಕೊರತೆಯಿಲ್ಲ. ತೋರಿಸುವವರಲ್ಲಿ ಕೊರತೆಯಿದೆ.

ಸೊಲ್ಲಾಪುರದಿಂದ ಸುಮಾರು 20 ಕಿ.ಮೀ. ದೂರದ ನಾನ್ನಜದಲ್ಲಿ ಒಂದು ಪಕ್ಷಿಧಾಮವಿದೆ. ಮಾಳಢೋಕ ಪಕ್ಷಿಗಾಗಿ 1979ರಲ್ಲಿ ಘೋಷಿಸಿದ್ದು. ಕನ್ನಡದಲ್ಲಿ ಇದಕ್ಕೆ ಎರ್ಲಡ್ಡು ಎನ್ನುತ್ತಾರೆ. ಒಂದು ಮೀಟರ್ ಎತ್ತರ, ಗಂಡಿನ ತೂಕ 15 ಕಿಲೋ ವರೆಗೆ. ಹಾರಬಲ್ಲ ಹಕ್ಕಿಗಳಲ್ಲೇ ಬಹು ಭಾರವಾದುವುಗಳಲ್ಲಿ ಇದೂ ಒಂದು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಹುಲ್ಲುಗಾವಲು ಹೊಲವಾಗಿ, ವಿದ್ಯುತ್ ತಂತಿ ತಗುಲಿ ಈ ಸಂತತಿ ಕ್ಷೀಣಿಸಿ, ಇಂದು ಇಡೀ ದೇಶದಲ್ಲಿ ಕಾಡಿನಲ್ಲಿ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ. ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ಕಡೆ ಅದು ಕಾಣುವುದೇ ಬಲು ದುರ್ಲಭವಾಗಿದೆ. ಅದೇ ಹುಲ್ಲಿನಲ್ಲಿ ಕೃಷ್ಣಮೃಗಗಳು ಇಂದಿಗೂ ಓಡಾಡುತ್ತವೆ. ಶಾಂತಿನಾಥರ ಲಾಂಛನದ ಬಳಗ!

ಜೀವದಯೆ ನಮ್ಮ ಮನೆಗಳಲ್ಲಿ ಹಾಲಿನೊಡನೆ ಬಂದ ಸಂಸ್ಕಾರ. ಆದರೆ ಹೆಸರೂ ರೂಪವೂ ಗೊತ್ತಿಲ್ಲದ ಜೀವ ಕಣ್ಮರೆಯಾದರೆ ಅದರ ಕೊರತೆ ನಮ್ಮ ಗಮನಕ್ಕೆ ಬರುವುದಾದರೂ ಹೇಗೆ?

ಆದ್ದರಿಂದ ಬರುವ ರವಿವಾರ ಮನೆಯಲ್ಲಿ ಒಂದು ಆಟ ಆಡಿರಿ. ಹದಿನೈದು ಚೀಟಿ ಮಾಡಿ: ಐದರಲ್ಲಿ ಸಿನಿಮಾದ ಜೀವಿಗಳು, ಐದರಲ್ಲಿ ತೀರ್ಥಂಕರರ ಲಾಂಛನಗಳು, ಐದರಲ್ಲಿ ನಮ್ಮ ಸೀಮೆಯ ಪ್ರಾಣಿ, ಪಕ್ಷಿಗಳು. ಆಯಿ, ಕಾಕಾ, ಮಕ್ಕಳು ಎಲ್ಲರೂ ಕೂಡಲಿ. ಯೋಡಾನನ್ನು ಆಯಿಗೆ ಮೊಮ್ಮಗ ಕಲಿಸಲಿ, ಅದರಲ್ಲಿ ತಪ್ಪೇನೂ ಇಲ್ಲ. ಮಕರವನ್ನು ಆಯಿ ಮೊಮ್ಮಗನಿಗೆ ಕಲಿಸಲಿ. ಮಾಳಢೋಕದ ಚೀಟಿ ಯಾರಿಗೂ ಗೊತ್ತಾಗದಿದ್ದರೆ, ಅನುಕೂಲವಾದ ಒಂದು ಬೆಳಿಗ್ಗೆ ಅಂಗಡಿ ತೆರೆಯುವುದು ತುಸು ತಡವಾದರೂ ಸರಿ, ಮಕ್ಕಳನ್ನು ನಾನ್ನಜಕ್ಕೆ ಕರೆದುಕೊಂಡು ಹೋಗಿ ಬನ್ನಿ.