ಸಾವಯವ ಬೆಲ್ಲಕ್ಕೆ ಜಾಸ್ತಿ ರೇಟು: ನ್ಯಾಯವಾ?

ವಾಟ್ಸಾಪ್‌ನಲ್ಲಿ ಬೆಲ್ಲದ ಫೋಟೋ ಹಾಕಿದ ತಕ್ಷಣ ಬರೋ ಮೊದಲ ಪ್ರಶ್ನೆ: "ಅಣ್ಣಾ, ಅಂಗಡೀಲಿ ಇದಕ್ಕಿಂತ ಕಮ್ಮಿಗೆ ಸಿಗುತ್ತಲ್ಲ, ನಿಮ್ಮದಕ್ಕೆ ಯಾಕೆ ಇಷ್ಟು?" ಕೇಳೋದರಲ್ಲಿ ತಪ್ಪಿಲ್ಲ. ಉತ್ತರ ಹೇಳೋಕೆ ನಮ್ಮ ಕೈಲಿ ಲೆಕ್ಕ ಇರಬೇಕು.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ಕೆರಗೋಡು ಕಡೆ 'ಕೆಮಿಕಲ್ ಇಲ್ಲದ ಬೆಲ್ಲ', 'ಸಾವಯವ ಬೆಲ್ಲ' ಎರಡೂ ಒಂದೇ ಅನ್ನೋ ಹಾಗೆ ಮಾತಾಡ್ತೀವಿ. ಒಂದೇ ಅಲ್ಲ. ಆಲೆಮನೆಯಲ್ಲಿ ಕುದಿಯೋ ಕಬ್ಬಿನ ಹಾಲಿಗೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಹಾಕೋದು ಬಣ್ಣಕ್ಕೆ. ಬೆಲ್ಲ ಹಳದಿಯಾದರೆ ಮಾರ್ಕೆಟ್‌ನಲ್ಲಿ ರೇಟು ಸಿಗುತ್ತೆ. ಆದರೆ ಸಲ್ಫರ್ ಡೈಆಕ್ಸೈಡ್ ಬೆಲ್ಲದಲ್ಲಿ ಉಳಿಯುತ್ತೆ. ಅಸ್ತಮಾ ಇರೋ ಕೆಲವರಿಗೆ ಅದು ಆಗಿಬರಲ್ಲ. ಹೈಡ್ರೋಸ್ ಬಿಟ್ಟು ಬೆಂಡೆ ಗಿಡದ ಲೋಳೆ, ಸುಣ್ಣ ಬಳಸಿ ಮಡ್ಡಿ ತೆಗೆದರೆ ಅದು ಕೆಮಿಕಲ್ ಇಲ್ಲದ ಬೆಲ್ಲ. (ಸುಣ್ಣವೂ ಕೆಮಿಕಲ್ಲೇ ಅಂತ ವಾದ ಮಾಡೋರಿದ್ದಾರೆ, ಬಿಡಿ.) ಆದರೆ ಆ ಕಬ್ಬಿಗೆ ಯೂರಿಯಾ, ಕಳೆನಾಶಕ ಬಿದ್ದಿದ್ದರೆ ಅದನ್ನು ಸಾವಯವ ಅನ್ನೋ ಹಾಗಿಲ್ಲ.

ಪೌಷ್ಟಿಕಾಂಶದ ವಿಷಯಕ್ಕೆ ಬರೋಣ. ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 2012ರಲ್ಲಿ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಸಾವಯವ ಆಹಾರದಲ್ಲಿ ಪೌಷ್ಟಿಕಾಂಶ ಹೆಚ್ಚು ಅನ್ನೋಕೆ ಬಲವಾದ ಪುರಾವೆ ಇಲ್ಲ, ಕೀಟನಾಶಕದ ಅಂಶ ಮಾತ್ರ ಕಡಿಮೆ ಅಂದರು. 2014ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್'ನಲ್ಲಿ ಬಂದ ವಿಶ್ಲೇಷಣೆ, ಸಾವಯವ ಬೆಳೆಯಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ, ಕ್ಯಾಡ್ಮಿಯಂ ಕಡಿಮೆ ಅಂತು. ಹಾಗಾಗಿ 'ಇದು ಔಷಧಿ' ಅಂತ ಮಾರಬೇಡಿ. ಬೆಲ್ಲ ಎಷ್ಟೇ ಸಾವಯವ ಆದರೂ ಅದರಲ್ಲಿರೋದು ಸಕ್ಕರೆಯೇ. ಶುಗರ್ ಇರೋರಿಗೆ 'ತಿನ್ನಿ, ಏನೂ ಆಗಲ್ಲ' ಅನ್ನೋದು ದೊಡ್ಡ ಮೋಸ.

ಹಾಗಾದರೆ ಜಾಸ್ತಿ ದುಡ್ಡು ಯಾವುದಕ್ಕೆ? ಒಂದು ಟನ್ ಕಬ್ಬಿಗೆ ಸುಮಾರು ಒಂದು ಕ್ವಿಂಟಾಲ್ ಬೆಲ್ಲ ಬರುತ್ತೆ. ಎಕರೆಗೆ 40 ಟನ್ ಬರ್ತಿದ್ದ ಗದ್ದೆ, ಗೊಬ್ಬರದ ಚೀಲ ಬಿಟ್ಟ ಮೇಲೆ 30ಕ್ಕೆ ಇಳೀತು ಅಂತ ಇಟ್ಕೊಳ್ಳಿ. 40 ಕ್ವಿಂಟಾಲ್ ಇದ್ದ ಬೆಲ್ಲ 30 ಆಯ್ತು. ಅಷ್ಟೇ ದುಡ್ಡು ಕೈಗೆ ಬರಬೇಕಾದರೆ ರೇಟು ಮೂರನೇ ಒಂದು ಭಾಗ ಹೆಚ್ಚಾಗಲೇಬೇಕು. ಕಳೆ ಕೀಳೋ ಕೂಲಿ ಇನ್ನೂ ಸೇರಿಲ್ಲ. ಪರಿವರ್ತನೆಯ 2–3 ವರ್ಷ 'ಸಾವಯವ' ಅಂತ ಮಾರೋ ಹಾಗೂ ಇಲ್ಲ. ಈ ಲೆಕ್ಕವನ್ನೇ ಗಿರಾಕಿಗೆ ಕಳಿಸಿ. ನನ್ನ ಅನುಭವದಲ್ಲಿ ಅರ್ಧ ಜನ ಒಪ್ತಾರೆ, ಇನ್ನರ್ಧ ಜನ ನೋಡಿ ಸುಮ್ಮನಾಗ್ತಾರೆ.

ಸರ್ಟಿಫಿಕೇಟ್‌ಗೆ ಪಿಜಿಎಸ್-ಇಂಡಿಯಾ ನೋಡಿ. ಕನಿಷ್ಠ 5 ಜನ ರೈತರು ಗುಂಪು ಕಟ್ಟಿ ಒಬ್ಬರ ಹೊಲ ಒಬ್ಬರು ಪರಿಶೀಲಿಸೋ ಪದ್ಧತಿ ಇದು. ಪರಿವರ್ತನೆಯಲ್ಲಿದ್ದಾಗ 'ಪಿಜಿಎಸ್ ಗ್ರೀನ್', ಆಮೇಲೆ 'ಪಿಜಿಎಸ್ ಆರ್ಗ್ಯಾನಿಕ್'. ಗುಂಪಿಗೆ ಸೇರೋ ಮುಂಚೆ ನಿಮ್ಮ ಮೇಲ್ಗದ್ದೆಯವರು ಏನು ಸಿಂಪಡಿಸ್ತಾರೆ ಅಂತ ವಿಚಾರಿಸಿ. ನಾಲೆ ನೀರು ಗದ್ದೆಯಿಂದ ಗದ್ದೆಗೆ ಇಳಿಯೋ ಕಡೆ ಎತ್ತರದ ಬದು, ಪಕ್ಕದಲ್ಲೊಂದು ಬಸಿಗಾಲುವೆ ಇಲ್ಲದಿದ್ದರೆ ಅವರ ಕಳೆನಾಶಕ ನಿಮ್ಮ ಕಬ್ಬಿಗೂ ಬರುತ್ತೆ.